ಬೆನಿಟಾ ತೊಳೆದ ನಾಣ್ಯ

ಬೆನಿಟಾ ಉಗಾಲ್ದೆಯ ಅಡುಗೆಮನೆಯಲ್ಲಿ ಹಳದಿ ಬಣ್ಣದ ಒಂದು ಹಳೇ ಫ್ರಿಜ್ಜಿದೆ. ಇಪ್ಪತ್ತೆರಡು ವರ್ಷ ಅವಳು ಅದನ್ನು ದ್ವೇಷಿಸಿದಳು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸುವಳು, ಒರೆಸುತ್ತಲೇ ಶಪಿಸುವಳು. ಅಪ್ಪನ ಎರಡು ಸಾವಿರ ಕುರಿ, ಬೇಸಿಗೆಯಲ್ಲಿ ಮೇಯಿಸುವ ಬೆಟ್ಟದ ಹಕ್ಕು, ಎರಡು ಬಾವಿ, ಒಂದು ಲಾರಿ, ಇಷ್ಟರಲ್ಲಿ ಅವಳ ಪಾಲಿಗೆ ಬಂದದ್ದು ಆ ಫ್ರಿಜ್ಜು ಮಾತ್ರ. ತಂದು ಇಳಿಸಿದವನು ತಮ್ಮ ಡೊಮಿಂಗೊ. ಮಿಕ್ಕಿದ್ದನ್ನೆಲ್ಲ ನುಂಗಿದವನೂ ಅವನೇ.

ನಾನು ಫೆಲಿಸಾ. ನೆವಾಡಾದ ಎಲ್ಕೊ ಊರಿನ ರೈಲು ನಿಲ್ದಾಣದ ಎದುರು, ಸಮುದ್ರದಾಚೆಯಿಂದ ಬಂದ ನಮ್ಮ ಬಾಸ್ಕ್ ಕುರಿಗಾಹಿಗಳು ತಂಗುವ ಹೋಟೆಲಿದೆಯಲ್ಲ, ಅದರ ಅಡುಗೆಯವಳು. ಬೆನಿಟಾ ಅದೇ ಹೋಟೆಲಿನ ಹಿತ್ತಲಲ್ಲಿ ಬಟ್ಟೆ ಒಗೆಯುವವಳು. ಮೂವತ್ತಾರು ವರ್ಷ ನಾವಿಬ್ಬರೂ ಒಂದೇ ಗೋಡೆಯ ಆಚೆ ಈಚೆ ದುಡಿದೆವು. ಆದ್ದರಿಂದ ನಾನು ಯಾರ ಪಕ್ಷವನ್ನೂ ವಹಿಸದೆ ಮಾತಾಡುತ್ತೇನೆಂದು ನಿರೀಕ್ಷಿಸಬೇಡಿ. ಡೊಮಿಂಗೊನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇವತ್ತಿಗೂ ಆಗುವುದಿಲ್ಲ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಅವರಪ್ಪ ಸಿರಿಯಾಕೊನಿಗೆ ಹೇಸರಗತ್ತೆ ಒದ್ದು ಸೊಂಟ ಮುರಿಯಿತು. ಮುದುಕನಿಗೆ ಇಂಗ್ಲಿಷು ಓದಲು ಬಾರದು. ಬೆನಿಟಾಗೆ ಬರುತ್ತಿತ್ತು, ಆದರೆ ತಮ್ಮ ತಂದ ಕಾಗದವನ್ನು ಯಾರಾದರೂ ಓದಿ ನೋಡುತ್ತಾರೆಯೇ? ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ತೆರಿಗೆಯ ಕಾಗದ ಅಕ್ಕಾ, ಇಲ್ಲೊಂದು ರುಜು ಹಾಕು ಅಂದ, ಹಾಕಿದಳು. ಅಪ್ಪನೂ ಹಾಕಿದ. ಎರಡು ತಿಂಗಳಲ್ಲಿ ಕುರಿ ಹೋಯಿತು, ಬೆಟ್ಟ ಹೋಯಿತು, ಹೆದ್ದಾರಿಯ ಪಕ್ಕದಲ್ಲಿ ಡೊಮಿಂಗೊನ ಹಳೇ ಕಾರಿನ ವ್ಯಾಪಾರ ಎದ್ದು ನಿಂತಿತು. ವ್ಯಾಪಾರ ಶುರುವಾದ ವಾರವೇ ಫ್ರಿಜ್ಜು ಬಂತು. ನಿನ್ನ ಪಾಲು ಅಕ್ಕಾ, ಹೊಸಾದು, ಇನ್ನೂ ಪ್ಲಾಸ್ಟಿಕ್ ತೆಗೆದಿಲ್ಲ ನೋಡು ಅಂತ ಬೆನ್ನು ತಟ್ಟಿ ಹೋದ.

ಅಲ್ಲಿಂದ ಇಪ್ಪತ್ತೊಂದು ವರ್ಷ ಅವಳು ಅಪ್ಪನನ್ನು ನೋಡಿಕೊಂಡಳು. ಬೆಳಿಗ್ಗೆ ಐದಕ್ಕೆ ಎದ್ದು ಮುದುಕನ ಮೈ ಒರೆಸಿ, ಸೂಪು ಕುಡಿಸಿ, ಹೋಟೆಲಿಗೆ ಬಂದು ಎಂಬತ್ತು ಹಾಸಿಗೆಯ ಬಟ್ಟೆ ಒಗೆದು, ಮಧ್ಯಾಹ್ನ ಓಡಿ ಹೋಗಿ ಮತ್ತೆ ಅವನನ್ನು ಮಗ್ಗುಲು ಬದಲಿಸಿ ಮಲಗಿಸಿ ಬರುವಳು. ಮದುವೆಯಾಗಲಿಲ್ಲ. ಕೇಳಿಕೊಂಡು ಬಂದವರಿದ್ದರು, ಕಾದವರಿರಲಿಲ್ಲ. ಅವಳ ಆಸೆ ಒಂದೇ ಇತ್ತು. ಅವಳಮ್ಮ ಹುಟ್ಟಿದ, ನಮ್ಮ ಬಾಸ್ಕ್ ನಾಡಿನ ಲೆಕೆಯಿಟಿಯೊ ಅನ್ನುವ ಮೀನುಗಾರರ ಊರನ್ನು, ಅಲ್ಲಿಯ ಸಮುದ್ರವನ್ನು ಒಂದು ಸಲ ನೋಡಬೇಕು. ಮೂರು ಸಲ ವಿಮಾನದ ದುಡ್ಡು ಕೂಡಿಸಿದಳು, ಮೂರು ಸಲವೂ ಅದು ಅಪ್ಪನ ಆಸ್ಪತ್ರೆಗೆ ಹೋಯಿತು. ಡೊಮಿಂಗೊ ಹಬ್ಬಕ್ಕೊಮ್ಮೆ ಬಂದು, ಅಪ್ಪನ ಹಾಸಿಗೆಯ ಪಕ್ಕ ಕಾಲು ಗಂಟೆ ಕೂತು, ಫ್ರಿಜ್ಜು ತೆಗೆದು ಒಂದು ಬಿಯರು ಕುಡಿದು ಹೋಗುತ್ತಿದ್ದ. ಚೆನ್ನಾಗಿ ಓಡ್ತಿದೆಯಲ್ಲ ಅಂತ ಫ್ರಿಜ್ಜಿನ ಬಾಗಿಲು ಬಡಿಯುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಆ ಸದ್ದು ಕೇಳಿದರೆ ನನಗೇ ಮೈ ಉರಿಯುತ್ತಿತ್ತು, ಇನ್ನು ಅವಳಿಗೆ ಹೇಗಾಗಿರಬೇಡ.

ಎಪ್ಪತ್ತೊಂಬತ್ತರ ನವೆಂಬರಿನಲ್ಲಿ ಸಿರಿಯಾಕೊ ತೀರಿಕೊಂಡ. ಉಳಿಸಿ ಹೋದದ್ದು ಎರಡು. ಒಂದು, ರೈಲು ಹಳಿಯ ಪಕ್ಕದ ಎರಡು ಕೋಣೆಯ ಮನೆ. ಇನ್ನೊಂದು, ಹಿಟ್ಟಿನ ಪೆಟ್ಟಿಗೆಯ ತಳದಲ್ಲಿದ್ದ ಉಣ್ಣೆಯ ಕಾಲುಚೀಲಗಳು. ಅವುಗಳ ತುಂಬ ಒಂದು ಡಾಲರಿನ ಹಳೇ ಬೆಳ್ಳಿ ನಾಣ್ಯಗಳು, ನಾನೂರ ಹನ್ನೆರಡು. ನಮ್ಮ ನೆವಾಡಾದಲ್ಲಿ ಹಿಂದೆ ಕುರಿಗಾಹಿಗಳು ಸಂಬಳವನ್ನು ನೋಟಿನಲ್ಲಿ ಮುಟ್ಟುತ್ತಿರಲಿಲ್ಲ, ಕಾಗದ ಗಾಳಿಗೆ ಹಾರುತ್ತದೆ ಅನ್ನುತ್ತಿದ್ದರು. ಸಿರಿಯಾಕೊ ಪ್ರತಿ ವರ್ಷ ಬೆಟ್ಟದಿಂದ ಇಳಿದಾಗ ಒಂದಿಷ್ಟು ನಾಣ್ಯ ತೆಗೆದಿಡುತ್ತಿದ್ದ. ಅದರಲ್ಲಿ ಒಂದನ್ನು ಮಾತ್ರ ಬೇರೆ ಚೂರು ಉಣ್ಣೆಯಲ್ಲಿ ಸುತ್ತಿಟ್ಟಿದ್ದ. ಇಪ್ಪತ್ತೊಂದನೇ ಇಸವಿಯಲ್ಲಿ ಈ ದೇಶದಲ್ಲಿ ಅವನು ಮುಟ್ಟಿದ ಮೊದಲ ಸಂಬಳದ ಮೊದಲ ನಾಣ್ಯ ಅದು. ಹೊಸ ವರ್ಷದ ದಿನ ಹೊರತೆಗೆದು ಮಕ್ಕಳ ಅಂಗೈಯಲ್ಲಿ ಒಂದು ನಿಮಿಷ ಇಟ್ಟು ಮತ್ತೆ ಸುತ್ತಿಡುತ್ತಿದ್ದನಂತೆ. ಮಸಿಯ ಹಾಗೆ ಕಪ್ಪಾಗಿತ್ತು, ಆದರೆ ಸವೆದಿರಲಿಲ್ಲ.

ನಾಣ್ಯಗಳನ್ನು ಮಂದೆ ಹಂಚುವ ಹಾಗೆ ಹಂಚಿಕೊಳ್ಳಿ ಅಂತ ಹೇಳಿ ಸತ್ತಿದ್ದ. ಇಬ್ಬರು ಪಾಲುದಾರರು ಬೇರೆಯಾಗುವಾಗ ನಮ್ಮ ಕುರಿಯವರಲ್ಲಿ ಒಂದು ಪದ್ಧತಿ. ಒಬ್ಬ ದೊಡ್ಡಿಯ ಬಾಗಿಲಲ್ಲಿ ನಿಂತು ಮಂದೆಯನ್ನು ಎರಡು ಮಾಡುತ್ತಾನೆ, ಇನ್ನೊಬ್ಬ ಯಾವ ಕಡೆ ಬೇಕೋ ಮೊದಲು ಆರಿಸುತ್ತಾನೆ. ಆರಿಸಿದ ಮೇಲೆ ತಕರಾರಿಲ್ಲ. ಕುಂಟು ಕುರಿ ಬಂತು ಅಂತ ಅತ್ತವನನ್ನು ನಮ್ಮಲ್ಲಿ ಗಂಡಸು ಅನ್ನುವುದಿಲ್ಲ.

ಜನವರಿಯ ಮೊದಲ ವಾರ ಡೊಮಿಂಗೊ ಬಂದ. ನಾನು ಅಲ್ಲೇ ಇದ್ದೆ, ಬೀನ್ಸು ಕೊಡಲು ಹೋಗಿದ್ದೆ. ಆ ಚಳಿಗಾಲ ಬೆಳ್ಳಿಯ ದರ ಹುಚ್ಚುಹಿಡಿದು ಏರುತ್ತಿತ್ತು, ಜನ ಅಜ್ಜಿಯ ಚಮಚಗಳನ್ನೂ ಮಾರಿಕೊಳ್ಳುತ್ತಿದ್ದರು. ಅವನು ಹ್ಯಾಟು ಕೂಡ ತೆಗೆಯದೆ ವಿಷಯಕ್ಕೆ ಬಂದ. ಹಳಿಯ ಪಕ್ಕದ ಜಾಗವನ್ನು ಒಂದು ಮೋಟೆಲಿನವರು ಕಾರು ನಿಲ್ಲಿಸಲು ಕೇಳುತ್ತಿದ್ದಾರೆ. ಮನೆಯಲ್ಲಿ ಅವನದೂ ಅರ್ಧ. ಆ ಅರ್ಧಕ್ಕೆ ಒಂಬತ್ತು ಸಾವಿರ ಡಾಲರ್. ಫೆಬ್ರವರಿ ಮುಗಿಯುವುದರೊಳಗೆ ಅಕ್ಕ ಅದನ್ನು ಕೊಟ್ಟರೆ ಮನೆ ಅವಳದು, ಇಲ್ಲದಿದ್ದರೆ ಮಾರಾಟ.

"ಎಲ್ಲಿಗೆ ಹೋಗ್ಲಿ ನಾನು?" ಅಂದಳು ಬೆನಿಟಾ.

"ಹೋಟ್ಲಲ್ಲಿ ಒಂದು ರೂಮು ಕೊಡಲ್ವಾ ಅಕ್ಕ? ಅಷ್ಟು ವರ್ಷ ದುಡಿದಿದೀಯ. ಫ್ರಿಜ್ಜು ಬೇಕಾದ್ರೆ ತಗೊಂಡು ಹೋಗು, ನಾನೇನೂ ಕೇಳಲ್ಲ."

ನಾನು ಬೀನ್ಸಿನ ಪಾತ್ರೆಯನ್ನು ಅವನ ತಲೆಗೆ ಎತ್ತಿಹಾಕದೆ ಇದ್ದದ್ದು ದೊಡ್ಡದು. ಹೋಗುವಾಗ ನಾಣ್ಯದ ಮಾತೂ ಆಡಿದ. ಬೆಳ್ಳಿ ಅಂದರೆ ಬೆಳ್ಳಿ, ತೂಕಕ್ಕೆ ತೂಕ, ನಾನೂರು ಚಿಲ್ಲರೆಯನ್ನು ನೀನೇ ಎರಡು ಮಾಡು, ನಾನು ಆರಿಸುತ್ತೇನೆ ಅಂದ. ಆರಿಸುವವನಿಗೆ ಲಾಭ ಅನ್ನುವುದು ಅವನ ಲೆಕ್ಕ. ಬಾಗಿಲಲ್ಲಿ ತಿರುಗಿ, ಫ್ರಿಜ್ಜನ್ನು ಒಮ್ಮೆ ತಟ್ಟಿ ಹೋದ.

ತೂಕದ ಲೆಕ್ಕದಲ್ಲಿ ನಾಣ್ಯಕ್ಕೆ ಸುಮಾರು ಇಪ್ಪತ್ತೈದು ಡಾಲರ್ ಸಿಗುತ್ತಿತ್ತು. ಅರ್ಧ ಪಾಲು ಅಂದರೆ ಐದು ಸಾವಿರ ಚಿಲ್ಲರೆ. ಒಂಬತ್ತು ಸಾವಿರ ಎಲ್ಲಿಂದ ಬರಬೇಕು? ಬೆನಿಟಾ ಎರಡು ದಿನ ಅವರಿವರನ್ನು ವಿಚಾರಿಸಿದಳು. ಮೂರನೆಯ ದಿನ, ರೀನೊದಲ್ಲಿ ಕ್ಲೆಮ್ ಅನ್ನುವ ಹಳೇ ನಾಣ್ಯದ ವ್ಯಾಪಾರಿ ಇದ್ದಾನಂತೆ, ತೋರಿಸಿಕೊಂಡು ಬರೋಣ ಬಾ ಅಂದಳು. ಭಾನುವಾರದ ಅಡುಗೆ ಮುಗಿಸಿ, ಸೋಮವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಮಾದರಿಗೆ ಐದು ನಾಣ್ಯ ಕರ್ಚೀಫಿನಲ್ಲಿ ಕಟ್ಟಿಕೊಂಡಿದ್ದಳು.

ಇಲ್ಲಿ ಅವಳು ಒಂದು ತಪ್ಪು ಮಾಡಿದ್ದಳು. ನಮ್ಮ ಬಾಸ್ಕ್ ಹೆಂಗಸರಲ್ಲಿ ಯಾರಾದರೂ ಮಾಡುತ್ತಿದ್ದ ತಪ್ಪು. ಪಾದ್ರಿ ಊಟಕ್ಕೆ ಬಂದರೆ ಚಮಚ ಉಜ್ಜುತ್ತೇವೆ, ಡಾಕ್ಟರ ಹತ್ತಿರ ಹೋದರೆ ಕಿವಿಯ ಹಿಂದೆ ತೊಳೆಯುತ್ತೇವೆ, ಕೊಳಕಾದದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು ಅಂದರೆ ಮಾನ ಹೋದ ಹಾಗೆ. ಐದೂ ನಾಣ್ಯಗಳನ್ನು ಅಡುಗೆ ಸೋಡಾ, ನಿಂಬೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಫಳಫಳ ಮಾಡಿ ತಂದಿದ್ದಳು.

ಕ್ಲೆಮ್ ಅಂದರೆ ಒಣಕಲು ಮುದುಕ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಣೆಯ ಮೇಲೇ ಇರುತ್ತಿತ್ತು. ನಾಣ್ಯದ ಮುಖವನ್ನು ಅವನು ಮುಟ್ಟುವುದಿಲ್ಲ, ಅಂಚನ್ನು ಮಾತ್ರ ಎರಡು ಬೆರಳಲ್ಲಿ ಹಿಡಿಯುತ್ತಾನೆ. ಒಂದೊಂದನ್ನೇ ತಿರುಗಿಸಿ, ಹದ್ದಿನ ಚಿತ್ರವಿರುವ ಕಡೆ ಬಾಲದ ಕೆಳಗೆ ನೋಡುತ್ತಾ ಹೋದ. ನಾಲ್ಕನ್ನು ಪಕ್ಕಕ್ಕೆ ತಳ್ಳಿದ. ಐದನೆಯದನ್ನು ನೋಡಿ ಭೂತಗನ್ನಡಿ ತೆಗೆದಿಟ್ಟ.

"ಇದನ್ನ ಯಾರು ತೊಳೆದಿದ್ದು?"

"ನಾನೇ. ನಿಮ್ಮ ಹತ್ರ ತರೋವಾಗ ಕೊಳೆ ಇರಬಾರದಲ್ವಾ."

"ನೀವು ಮನೆ ಬಿಡೋ ಮುಂಚೆ ಇದು ನೂರು ಡಾಲರ್ ಬಾಳ್ತಿತ್ತಮ್ಮ. ಈಗ ಕರಗಿಸೋಕೆ ಹಾಕ್ಬೇಕು, ಇಪ್ಪತ್ತೈದು."

ಬೆನಿಟಾಳ ಮುಖ ಬಿಳಿಚಿಕೊಂಡಿತು. ಮುದುಕ ಒಳ್ಳೆಯವನು, ಕೂರಿಸಿ ವಿವರಿಸಿದ. ಹದ್ದಿನ ಬಾಲದ ಕೆಳಗೆ ಎರಡು ಸಿ ಅಕ್ಷರವಿದ್ದರೆ ಅದು ನಮ್ಮದೇ ಕಾರ್ಸನ್ ಸಿಟಿಯ ಟಂಕಸಾಲೆಯದು, ಅಲ್ಲಿ ಅಚ್ಚು ಹಾಕಿದ್ದು ಕಡಿಮೆ, ಅದನ್ನು ಸಂಗ್ರಹಿಸುವವರು ಹುಡುಕಿಕೊಂಡು ಬರುತ್ತಾರೆ. ಮೇಲೆ ಕಟ್ಟಿದ ಕಪ್ಪು ಕೊಳೆಯಲ್ಲ, ಅದು ವಯಸ್ಸು. ತಿಕ್ಕಿದರೆ ಕಪ್ಪಿನ ಜೊತೆ ಮೇಲಿನ ಹೊಳಪಿನ ಪದರವೂ ಹೋಗಿ ಕೂದಲಿನಷ್ಟು ಸಣ್ಣ ಗೀರು ಬೀಳುತ್ತದೆ. ಬರಿಗಣ್ಣಿಗೆ ಚಂದ, ತಿಳಿದವನ ಕಣ್ಣಿಗೆ ಹೆಣ. ಮಿಕ್ಕ ನಾಲ್ಕು ಸಾಧಾರಣದವು, ಅವನ್ನು ಹೇಗೂ ತೂಕಕ್ಕೇ ಕೊಳ್ಳುವುದು, ತೊಳೆದರೂ ಒಂದೇ ಬಿಟ್ಟರೂ ಒಂದೇ ಅಂದ. ಒಂದು ಹಳೇ ಭೂತಗನ್ನಡಿಯನ್ನೂ ಇಸವಿಗಳ ಪಟ್ಟಿಯನ್ನೂ ಕೈಗೆ ಕೊಟ್ಟು, ಇನ್ನು ಮೇಲೆ ನೀರು ಮುಟ್ಟಿಸಬೇಡಿ ಅಂತ ಕಳಿಸಿದ.

ವಾಪಸು ಬರುವಾಗ ಅವಳು ಕಿಟಕಿ ನೋಡುತ್ತಾ ಕೂತಿದ್ದಳು. ಹೋದ ಎಪ್ಪತ್ತೈದು ಡಾಲರಿಗೆ ಅಳುತ್ತಿದ್ದಾಳೆ ಅಂದುಕೊಂಡು ಸಮಾಧಾನ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ಮಿಂಗೊ ಕಾರು ಮಾರೋದು ಹೇಗೆ ಹೇಳು?"

ತಮ್ಮನನ್ನು ಅವಳು ಮಿಂಗೊ ಅಂತಲೇ ಕರೆಯುವುದು. ಎಲ್ಕೊದಲ್ಲಿ ಯಾರಿಗೆ ಗೊತ್ತಿಲ್ಲ ಅದು. ಎಂಜಿನ್ನು ಸತ್ತಿರಲಿ, ಮೈಗೆ ಮೇಣ ಹಚ್ಚಿ ಕನ್ನಡಿಯಾಗುವ ತನಕ ಉಜ್ಜಿಸುತ್ತಿದ್ದ. ಮೊದಲು ಉಜ್ಜು, ಆಮೇಲೆ ಬೆಲೆ ಹೇಳು ಅನ್ನುವುದು ಅವನ ಅಂಗಡಿಯ ಮಂತ್ರ. ಹಾಗೆ ಎಷ್ಟು ಜನಕ್ಕೆ ಚಳ್ಳೆಹಣ್ಣು ತಿನ್ನಿಸಿದ್ದನೋ.

"ಉಜ್ಜಿ," ಅಂದೆ.

"ಹೂಂ. ಹೊಳೆಯೋದು ಕಂಡ್ರೆ ಅವನು ಬಿಡಲ್ಲ," ಅಂದು ಮತ್ತೆ ಕಿಟಕಿಗೆ ತಿರುಗಿದಳು. ಅವಳು ಅಳುತ್ತಿರಲಿಲ್ಲ.

ಹತ್ತು ದಿನ, ಮಧ್ಯಾಹ್ನದ ಬಿಡುವಿನಲ್ಲಿ, ಅವಳ ಅಡುಗೆಮನೆಯ ಮೇಜಿನ ಮೇಲೆ ನಾವಿಬ್ಬರೂ ನಾಣ್ಯ ಆರಿಸಿದೆವು. ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ. ಅವಳು ಭೂತಗನ್ನಡಿಯಲ್ಲಿ ಬಾಲದ ಕೆಳಗೆ ನೋಡಿ ಇಸವಿ ಹೇಳುವಳು, ನಾನು ಕ್ಲೆಮ್‌ನ ಪಟ್ಟಿಯಲ್ಲಿ ಬೆರಳಿಡುವೆ. ಎರಡು ಸಿ ಇರುವವು ಎಪ್ಪತ್ತೊಂದು ಸಿಕ್ಕವು. ಬೇರೆ ಊರಿನ ಅಚ್ಚಿನ, ಸ್ವಲ್ಪ ಬೆಲೆಯವು ಇನ್ನೊಂದು ಡಜನ್. ಕೊನೆಗೆ ಉಣ್ಣೆಯ ಚೂರು ಬಿಚ್ಚಿದಳು. ಅಪ್ಪನ ಮೊದಲ ಸಂಬಳ. ಸಾವಿರದ ಎಂಟುನೂರ ಎಂಬತ್ತೊಂಬತ್ತು, ಎರಡು ಸಿ. ಪಟ್ಟಿಯಲ್ಲಿ ಆ ಇಸವಿಯ ಮುಂದೆ ಕ್ಲೆಮ್ ಬೆಲೆ ಬರೆದಿರಲಿಲ್ಲ, ಸಿಕ್ಕಿದರೆ ತಂದು ತೋರಿಸಿ ಅಂತ ಮಾತ್ರ ಗೀಚಿದ್ದ.

ತೋರಿಸಿದೆವು. ಈ ಸಲ ತೊಳೆಯದೆ, ಉಣ್ಣೆಯಲ್ಲೇ ಸುತ್ತಿ ಒಯ್ದಿದ್ದಳು. ಮುದುಕ ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಅಂಗಡಿಯ ಬಾಗಿಲು ಹಾಕಿಕೊಂಡು ಬಂದು ಮತ್ತೆ ನೋಡಿದ. ಮೂರು ಸಾವಿರದ ಎಂಟುನೂರು ಈಗಲೇ ಕೊಡುತ್ತೇನೆ ಅಂದ. ಬೆನಿಟಾ ಕೊಡಲಿಲ್ಲ. ಒಂದು ಕಾಗದದ ಮೇಲೆ ಬರೆದುಕೊಡಿ ಅಂದಳು. ಹೀಗೇ ಇದ್ದರೆ ಎಷ್ಟು, ತೊಳೆದರೆ ಎಷ್ಟು, ಏಟು ಬಿದ್ದರೆ, ತೂತಾದರೆ ಎಷ್ಟು, ಎಲ್ಲವನ್ನೂ. ಮನೆಯಲ್ಲಿ ತಿಳಿಹೇಳಬೇಕಾದವರು ಇದ್ದಾರೆ ಅಂದಳು. ಅವನು ಬರೆದು ರುಜು ಹಾಕಿ ಕೊಟ್ಟ.

ಆ ಸಂಜೆ ಅವಳ ಅಡುಗೆಮನೆಯಲ್ಲಿ ಕೂತು ಕೂಡಿ ಕಳೆದೆವು. ಸಿ ಅಕ್ಷರದ ನಾಣ್ಯ, ಬೇರೆ ಊರಿನವು, ಜೊತೆಗೆ ಒಂದಿಷ್ಟು ಸಾಧಾರಣದವು, ಇಷ್ಟು ಅವಳ ಗುಡ್ಡೆಗೆ ಬಂದರೆ ಒಂಬತ್ತು ಸಾವಿರದ ಇನ್ನೂರ ನಲವತ್ತು ಡಾಲರ್. ಮನೆ ಉಳಿಯುತ್ತದೆ, ಕೈಯಲ್ಲಿ ಇನ್ನೂರ ನಲವತ್ತು. ಆ ಒಂಟಿ ನಾಣ್ಯವೂ ಅದೇ ಗುಡ್ಡೆಗೆ ಬಿದ್ದರೆ ಹದಿಮೂರು ಸಾವಿರ. ಮನೆಯೂ ಉಳಿಯುತ್ತದೆ, ಲೆಕೆಯಿಟಿಯೊನೂ ಆಗುತ್ತದೆ, ನನ್ನನ್ನೂ ಕರೆದುಕೊಂಡು ಹೋಗಬಹುದು ಅಂತ ನಾನು ನಗೆಯಾಡಿದೆ.

ಅವಳು ನಗಲಿಲ್ಲ. ಹೋಗಿ ಸೋಡಾದ ಡಬ್ಬಿ ತಂದು, ಆ ಒಂಟಿ ನಾಣ್ಯವನ್ನು ಎತ್ತಿಕೊಂಡಳು.

ನಾನು ಅವಳ ಕೈ ಹಿಡಿದುಕೊಂಡೆ. ಸಾಧಾರಣದ ನಾಣ್ಯಗಳನ್ನು ತೊಳೆದು ಅವನ ಮುಂದೆ ಹೊಳೆಸುವುದು ನನಗೂ ಒಪ್ಪಿಗೆಯಾಗಿತ್ತು, ಅದಕ್ಕೆ ನಾನೇ ಸೊಂಟ ಕಟ್ಟಿ ನಿಂತಿದ್ದೆ. ಇದೇನು ಹುಚ್ಚು? ಬೈದೆ, ಬೇಡಿಕೊಂಡೆ, ಅಮ್ಮನ ಊರಿನ ಹೆಸರು ಎತ್ತಿದೆ.

"ಮನೆ ಉಳಿದ್ರೆ ಅವನಿಗೇನು ನಷ್ಟ ಫೆಲಿಸಾ? ಒಂಬತ್ತು ಸಾವಿರ ಎಣಿಸ್ಕೊಂಡು ಹೋಗ್ತಾನೆ. ಅವನಿಗೆ ನೋವಾಗ್ಬೇಕು. ಅವನ ಕೈಯಲ್ಲೇ ಇತ್ತು, ಅವನ ಕಣ್ಣೆದುರೇ ಹೋಯ್ತು ಅಂತ ಗೊತ್ತಾಗ್ಬೇಕು. ನನಗಾದ ಹಾಗೆ."

ತಿಕ್ಕತೊಡಗಿದಳು. ಮೂರು ಸಲ ನಿಲ್ಲಿಸಿ ಮೂರು ಸಲ ಮತ್ತೆ ಶುರುಮಾಡಿದಳು. ಐವತ್ತೆಂಟು ವರ್ಷದ ಕಪ್ಪು ಅವಳ ಬೆರಳ ಸಂದಿಯಲ್ಲಿ ಇಳಿದು ತೊಟ್ಟಿಗೆ ಹೋಯಿತು. ಸವೆಯದ ನಾಣ್ಯವಾದ್ದರಿಂದ ಎಲ್ಲಕ್ಕಿಂತ ಹೆಚ್ಚು ಅದೇ ಹೊಳೆಯಿತು. ನನಗೆ ನೋಡಲಾಗಲಿಲ್ಲ, ಎದ್ದು ಮನೆಗೆ ಹೋದೆ.

ಹಂಚಿಕೆಯ ದಿನ ಮೇಜಿನ ಮೇಲೆ ಎರಡು ಗುಡ್ಡೆ. ಒಂದರಲ್ಲಿ ಇನ್ನೂರ ಇಪ್ಪತ್ತು, ಬೆಳಗುವ ಬೆಳ್ಳಿ. ಇನ್ನೊಂದರಲ್ಲಿ ನೂರ ತೊಂಬತ್ತೆರಡು, ಕಪ್ಪು ಮಂಕು. ಹೊಳೆಯುವ ಗುಡ್ಡೆಯನ್ನು ಬೆನಿಟಾ ತನ್ನ ಕುರ್ಚಿಯ ಕಡೆಗೆ ಇಟ್ಟುಕೊಂಡು ಅದರ ಮೇಲೆ ಅಂಗೈ ಊರಿ ಕೂತಿದ್ದಳು. ಡೊಮಿಂಗೊ ಒಳಗೆ ಬಂದವನೇ ಆ ಅಂಗೈಯನ್ನು ನೋಡಿದ.

"ಅಪ್ಪ ಸುತ್ತಿಡ್ತಿದ್ನಲ್ಲ ಆ ಒಂಟಿ ನಾಣ್ಯ, ಅದೆಲ್ಲಿ?"

"ಎಲ್ಲಾನೂ ಸೇರಿಸಿದೀನಿ. ಒಂದೂ ಬಿಟ್ಟಿಲ್ಲ, ಎಣಿಸ್ಕೋ."

ಎಣಿಸಿದ. ಸರಿಯಾಗಿತ್ತು. ಯಾಕೆ ಅರ್ಧ ಮಾತ್ರ ತೊಳೆದೆ ಅಂತ ಕೇಳಿದ. ಕೈ ನೋವು ಅಂದಳು, ತಲೆ ತಗ್ಗಿಸಿಕೊಂಡು. ಅಕ್ಕ ತನಗೆ ಬೇಕಾದ್ದನ್ನು ಉಜ್ಜಿ ತನ್ನ ಕಡೆ ಎಳೆದುಕೊಂಡಿದ್ದಾಳೆ ಅನ್ನುವುದು ಅವನ ಮುಖದ ಮೇಲೆಯೇ ಬರೆದಿತ್ತು. ಅವಳ ಕೈಯನ್ನು ಎತ್ತಿ ಪಕ್ಕಕ್ಕಿಟ್ಟ.

"ಇದು ನನಗೆ," ಅಂದ. "ಬೇಜಾರು ಮಾಡ್ಕೋಬೇಡ. ಪದ್ಧತಿ ಪದ್ಧತಿನೇ."

"ಆರಿಸಿದ ಮೇಲೆ ತಕರಾರಿಲ್ಲ," ಅಂದಳು ಬೆನಿಟಾ.

"ನನ್ನ ಬಾಯಲ್ಲಿ ತಕರಾರು ಕೇಳ್ದಾಗ ಹೇಳು." ಚೀಲಕ್ಕೆ ತುಂಬಿಕೊಂಡ. ಹೋಗುವ ಮುಂಚೆ ಅವಳು ರೀನೊದ ಕ್ಲೆಮ್‌ನ ವಿಳಾಸ ಬರೆದ ಚೀಟಿಯನ್ನು ಅವನ ಜೇಬಿಗೆ ಹಾಕಿದಳು. ಪ್ರಾಮಾಣಿಕ ಮನುಷ್ಯ, ಅಲ್ಲೇ ಮಾರು ಅಂದಳು. ಕ್ಲೆಮ್‌ನ ಬಾಯಿಂದಲೇ ಅವನು ಕೇಳಬೇಕು ಅನ್ನುವುದು ಅವಳ ಯೋಚನೆ.

ಆದರೆ ಆ ಖದೀಮ ರೀನೊಗೆ ಹೋಗಲೇ ಇಲ್ಲ. ಆ ದಿನಗಳಲ್ಲಿ ಬೆಳ್ಳಿ ಕೊಳ್ಳುವ ಪರಸ್ಥಳದವರು ಮೋಟೆಲಿನ ಕೋಣೆಯಲ್ಲಿ ತಕ್ಕಡಿ ಇಟ್ಟುಕೊಂಡು ಕೂರುತ್ತಿದ್ದರು. ಅಂಥವನೊಬ್ಬನ ಮುಂದೆ ಚೀಲ ಸುರಿದು, ತೂಗಿಸಿ, ಐದೂವರೆ ಸಾವಿರ ತಗೊಂಡು ಬಂದ. ಸುದ್ದಿ ನಮ್ಮ ಕಿವಿಗೆ ಬಿದ್ದಾಗ ಬೆನಿಟಾ ಇಸ್ತ್ರಿ ಮಾಡುತ್ತಿದ್ದಳು. ಮೇಜುಬಟ್ಟೆ ಸುಟ್ಟು ವಾಸನೆ ಬಂದರೂ ಅವಳಿಗೆ ತಿಳಿಯಲಿಲ್ಲ.

ತನ್ನ ಕಪ್ಪು ಗುಡ್ಡೆಯನ್ನು ಕ್ಲೆಮ್‌ಗೆ ಮಾರಿ, ಫೆಬ್ರವರಿಯ ಕೊನೆಯಲ್ಲಿ ಅವಳು ವಕೀಲರ ಕೋಣೆಯಲ್ಲಿ ಒಂಬತ್ತು ಸಾವಿರ ಎಣಿಸಿ ಕೊಟ್ಟಳು. ಡೊಮಿಂಗೊ ಕಣ್ಣು ಕಣ್ಣು ಬಿಟ್ಟ, ಎಲ್ಲಿಂದ ಬಂತು ಅಂದ, ಹಾಸಿಗೆ ಬಟ್ಟೆ ಒಗೆದು ಕೂಡಿಸಿದೆ ಅಂದಳು. ಈ ಸಲ ಕಾಗದವನ್ನು ಎರಡು ಸಲ ಓದಿ ರುಜು ಹಾಕಿದಳು. ಮನೆ ಪೂರ್ತಿ ಅವಳದಾಯಿತು. ನಾನು ಕೇಕು ಮಾಡಿ ಒಯ್ದರೆ ಅವಳು ಮುಟ್ಟಲಿಲ್ಲ. ಅಪ್ಪನ ನಾಣ್ಯ ಯಾವುದೋ ಕುಲುಮೆಯಲ್ಲಿ ಕರಗಿಹೋಯಿತು, ಅವನಿಗೆ ಏನೂ ಗೊತ್ತಾಗಲಿಲ್ಲ, ಸಮುದ್ರವೂ ಹೋಯಿತು ಅಂತ ಗೋಡೆ ನೋಡಿಕೊಂಡು ಹೇಳಿದಳು. ಗೊತ್ತಿಲ್ಲದವನ ಮೇಲೆ ತೀರಿಸಿಕೊಂಡ ಸೇಡು ಸೇಡೇ ಅಲ್ಲ ಅನ್ನುವುದು ನನಗೂ ಅವತ್ತೇ ಅರ್ಥವಾಯಿತು.

ಮಾರ್ಚಿನ ಎರಡನೇ ಭಾನುವಾರ ಡೊಮಿಂಗೊ ಹೋಟೆಲಿಗೆ ಊಟಕ್ಕೆ ಬಂದ. ನಮ್ಮಲ್ಲಿ ಎಲ್ಲರೂ ಉದ್ದದ ಮೇಜಿಗೆ ಒಟ್ಟಿಗೆ ಕೂರುವುದು, ಪಾತ್ರೆಗಳು ಕೈಯಿಂದ ಕೈಗೆ ಹೋಗುವುದು. ಮೂವತ್ತು ಜನರಿದ್ದರು. ನಾನು ಕುರಿಮಾಂಸದ ಸಾರು ತಂದಿಡುತ್ತಾ ಅವನ ಕೊರಳು ನೋಡಿದೆ. ಈ ಕಡೆಯ ಗಂಡಸರು ಟೈ ಬದಲು ಹೆಣೆದ ಚರ್ಮದ ದಾರಕ್ಕೆ ಬಿಲ್ಲೆ ಹಾಕಿ ಕಟ್ಟುತ್ತಾರಲ್ಲ, ಹಾಗೆ ಕಟ್ಟಿದ್ದ. ಬಿಲ್ಲೆಯ ಜಾಗದಲ್ಲಿ ಬೆಳ್ಳಿ ನಾಣ್ಯ. ಮೇಲುತುದಿಯಲ್ಲಿ ತೂತು. ಅಷ್ಟು ಬೆಳ್ಳಗೆ ಹೊಳೆಯುವ ನಾಣ್ಯ ಆ ಗುಡ್ಡೆಯಲ್ಲಿ ಒಂದೇ ಇತ್ತು.

ಅಡುಗೆಮನೆಗೆ ಓಡಿ, ಹಿತ್ತಲ ಬಾಗಿಲು ತೆಗೆದು, ಬೆನಿಟಾಳನ್ನು ಕರೆದೆ. ನೋಡು ಹೋಗು ಅಂದೆ, ಅಷ್ಟೇ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಏಪ್ರನ್ನಿನ ಜೇಬು ಮುಟ್ಟಿಕೊಂಡಳು. ಕ್ಲೆಮ್ ಬರೆದುಕೊಟ್ಟ ಕಾಗದ ಅಲ್ಲೇ ಇತ್ತು, ಜನವರಿಯಿಂದ. ಬೀನ್ಸಿನ ಪಾತ್ರೆಯನ್ನು ನನ್ನ ಕೈಯಿಂದ ತಗೊಂಡು ಹೋಗಿ ತಮ್ಮನ ಎದುರಿನ ಖಾಲಿ ಜಾಗದಲ್ಲಿ ಕೂತಳು.

ಅವನಿಗೆ ವೈನು ಏರಿತ್ತು. ಮೇಜಿನವರಿಗೆಲ್ಲ ಹಂಚಿಕೆಯ ಕಥೆ ಹೇಳುತ್ತಿದ್ದ. "ಅಕ್ಕ ಪಾಪ ಚೆನ್ನಾಗಿರೋದನ್ನ ಉಜ್ಜಿ ಮಡಿಲಲ್ಲಿ ಇಟ್ಕೊಂಡಿದ್ಲು. ನನ್ನ ಕಣ್ಣಿಗೆ ಮಣ್ಣೆರಚೋಕಾಗುತ್ತಾ? ಮಾಲು ನೋಡೋಕೆ ಕಣ್ಣು ಬೇಕು ಕಣ್ರೋ." ಎಲ್ಲ ಮಾರಿದರೂ ಇದೊಂದನ್ನು ಬಿಡಲು ಮನಸ್ಸಾಗಲಿಲ್ಲ, ಎಷ್ಟು ಚಂದ ಇದೆ ನೋಡಿ ಅಂತ ಕೊರಳು ಮುಂದೆ ಮಾಡಿದ.

"ಚಂದ ಇದೆ," ಅಂದಳು ಬೆನಿಟಾ. "ತೆಗ್ದು ಹಿಂದೆ ತಿರುಗ್ಸಿ ನೋಡು ಮಿಂಗೊ. ಹದ್ದಿನ ಬಾಲದ ಕೆಳಗೆ ಏನಿದೆ, ಎಲ್ರಿಗೂ ಕೇಳೋ ಹಾಗೆ ಓದು."

ತೆಗೆದು, 'ಸಿ, ಸಿ' ಅಂತ ಓದಿದ. ಇಸವಿ ಕೇಳಿದಳು, ಅದನ್ನೂ ಓದಿದ. ಆಗ ಕಾಗದ ಬಿಚ್ಚಿ ಅವನ ಪಕ್ಕ ಕೂತಿದ್ದ ಮುದಿ ಪಾದ್ರಿಯ ಕೈಗೆ ಕೊಟ್ಟಳು. ಪಾದ್ರಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಸಿರಿಯಾಕೊ ಉಗಾಲ್ದೆಯ ನಾಣ್ಯ, ಕಾರ್ಸನ್ ಸಿಟಿ, ಎಂಬತ್ತೊಂಬತ್ತು. ಹೀಗೇ ಇದ್ದರೆ ಮೂರು ಸಾವಿರದ ಎಂಟುನೂರು ಡಾಲರ್. ತೊಳೆದು ತಿಕ್ಕಿದರೆ ಒಂದು ಸಾವಿರ. ತೂತು ಕೊರೆದರೆ ಬೆಳ್ಳಿಯ ತೂಕ ಮಾತ್ರ.

ಬೆನಿಟಾ ಕಾಗದವನ್ನು ವಾಪಸು ತಗೊಂಡಳು.

"ಅಪ್ಪ ಸುತ್ತಿಟ್ಟಿದ್ದ ನಾಣ್ಯ ಅದು," ಅಂದಳು. "ತೊಳೆದವಳು ನಾನು. ಗೊತ್ತಿದ್ದೇ ತೊಳೆದೆ. ತೂತು ಕೊರೆಸಿದವನು ನೀನು."

ಡೊಮಿಂಗೊನ ಮುಖದಿಂದ ರಕ್ತ ಇಳಿಯುವುದನ್ನು ನಾನು ನಿಂತು ನೋಡಿದೆ. ಸುಳ್ಳೇಕೆ, ಸಂತೋಷವಾಯಿತು. ಬೆರಳಿನಿಂದ ಆ ತೂತನ್ನು ಸವರಿದ, ಮುಚ್ಚಿಕೊಳ್ಳುತ್ತದೇನೋ ಅನ್ನುವ ಹಾಗೆ.

"ಹುಚ್ಚಿ ನೀನು," ಅಂದ. "ಅಪ್ಪನ ನಾಣ್ಯ ಹಾಳು ಮಾಡಿದ್ಯಲ್ಲೇ. ಅಷ್ಟು ದುಡ್ಡು."

"ಅಪ್ಪನ ಎರಡು ಸಾವಿರ ಕುರಿಗೆ ನೀನು ಕೊಟ್ಟ ಬೆಲೆ ಒಂದು ಫ್ರಿಜ್ಜು. ನಿನ್ನ ಈ ಮುಖ ನೋಡೋಕೆ ನಾನು ಕೊಟ್ಟಿದ್ದು ಮೂರು ಸಾವಿರದ ಎಂಟುನೂರು ಡಾಲರ್. ನಾನು ನಿನಗಿಂತ ಧಾರಾಳಿ ಕಣೋ." ಬೀನ್ಸಿನ ಪಾತ್ರೆಯನ್ನು ಅವನ ಕಡೆ ತಳ್ಳಿದಳು. "ತಕರಾರಿದ್ರೆ ಹೇಳು. ಎಲ್ರೂ ಇದಾರೆ."

ಕುರಿಯವರ ಮೇಜು ಅದು. ತಕರಾರು ಅನ್ನುವ ಮಾತು ಬಾಯಿಂದ ಬಂದಿದ್ದರೆ ಮರುದಿನದಿಂದ ಅವನ ಹತ್ತಿರ ಯಾರೂ ಕಾರು ಕೊಳ್ಳುತ್ತಿರಲಿಲ್ಲ. ಎದ್ದು ಹೋದ. ಹ್ಯಾಟು ತಗೊಂಡ, ಚರ್ಮದ ದಾರ ತಟ್ಟೆಯ ಪಕ್ಕದಲ್ಲೇ ಉಳಿಯಿತು. ಮೇಜು ಒರೆಸುವಾಗ ನಾನೇ ಅದನ್ನು ಎತ್ತಿ ಬೆನಿಟಾಗೆ ಕೊಟ್ಟೆ. ಆಮೇಲೆ ಅವನು ಅವಳ ಮನೆಯ ಮೆಟ್ಟಿಲು ಹತ್ತಲಿಲ್ಲ, ಫ್ರಿಜ್ಜಿನ ಬಾಗಿಲು ಬಡಿಯಲೂ ಇಲ್ಲ.

ಇದೆಲ್ಲ ಆಗಿ ಹನ್ನೊಂದು ವರ್ಷವಾಯಿತು. ಬೆನಿಟಾ ಲೆಕೆಯಿಟಿಯೊಗೆ ಹೋಗಲಿಲ್ಲ. ಈಗ ಮಂಡಿ ನೋವು, ಇನ್ನು ಹೋಗುವುದೂ ಇಲ್ಲ. ಅಮ್ಮನ ಊರಿನ ಚಿತ್ರ ಗೋಡೆಯ ಮೇಲಿದೆ, ಅದರ ಚೌಕಟ್ಟಿನ ಮೂಲೆಗೆ ಆ ಉಣ್ಣೆಯ ಚೂರು ಸಿಕ್ಕಿಸಿದ್ದಾಳೆ. ಹೋದ ವಾರ ಅವಳ ಅಡುಗೆಮನೆಯಲ್ಲಿ ಕೂತಿದ್ದಾಗ, ನನಗೆ ತಡೆಯಲಾಗದೆ ಕೇಳಿಯೇಬಿಟ್ಟೆ. ಆ ಸಮುದ್ರ ನೆನಪಾಗುತ್ತದಾ ಅಂತ.

"ದಿನಾ," ಅಂದಳು. "ಆದ್ರೆ ಫೆಲಿಸಾ, ಅವತ್ತಿಂದ ಈ ಫ್ರಿಜ್ಜು ಕಂಡ್ರೆ ನಂಗೆ ಸಿಟ್ಟು ಬರಲ್ಲ ಕಣೇ."

ಕಾಫಿಗೆ ಹಾಲು ತೆಗೆಯಲು ಎದ್ದು ಫ್ರಿಜ್ಜಿನ ಬಾಗಿಲು ಎಳೆದಳು. ಹಿಡಿಕೆಗೆ ಕಟ್ಟಿದ್ದ ತೂತಿನ ನಾಣ್ಯ ತಗಡಿಗೆ ತಾಗಿ ಟಣ್ ಅಂದಿತು. ಬಾಗಿಲು ಮುಚ್ಚಿದಾಗ ಇನ್ನೊಮ್ಮೆ ಅಂದಿತು, ನಾವು ಕಾಫಿ ಕುಡಿದೆವು.